ಹಳೆ ಇಂಡಿಗೊ ಮರೀನಾದಲ್ಲಿ ಇಬ್ಬರು ಮಲಗುವ ಹಾಗೆ ಮಾಡಬೇಕು: ಮಂಚ ಕೂರಿಸುವ ಮೊದಲು ಏನೇನು ನೋಡಬೇಕು?

ಗಾಡಿ_ಗೂಡು
ಎಲ್ಲರಿಗೂ ನಮಸ್ಕಾರ. ಗಾಡಿ 2007ರ ಟಾಟಾ ಇಂಡಿಗೊ ಮರೀನಾ (ಛಾವಣಿ ಡಿಕ್ಕಿಯವರೆಗೂ ಚಾಚಿದ ಸ್ಟೇಷನ್ ವ್ಯಾಗನ್ ಕಾರು), 1.4 ಟರ್ಬೊ ಡೀಸೆಲ್, 1,38,000 ಕಿ.ಮೀ. ಓಡಿದೆ. ಆರ್‌ಸಿ ನವೀಕರಣ ಆಗಿದೆ. ಇಬ್ಬರು ಕಾಲು ಚಾಚಿ ಮಲಗಬೇಕು, ಒಂದು ಸಣ್ಣ 12 ವೋಲ್ಟ್ ಫ್ರಿಜ್, ಒಲೆ, 20 ಲೀಟರ್ ನೀರು ಬೇಕು. ಓಡಾಟ ಹೆಚ್ಚಾಗಿ ಮಲೆನಾಡು, ಕರಾವಳಿ. ಚಳಿಗಾಲದಲ್ಲಿ ಹಂಪಿ, ಬಾದಾಮಿ ಕಡೆ. ಹಿಂದಿನ ಸೀಟು ಪೂರ್ತಿ ಕಿತ್ತು, 18 ಎಂ.ಎಂ. ಪ್ಲೈವುಡ್‌ನಲ್ಲಿ ಡ್ರಾಯರ್ ಇರುವ ಮಂಚ, ಮೇಲೆ ಕ್ಯಾರಿಯರ್, ಅದರ ಮೇಲೆ ಸೋಲಾರ್ ಎಂದು ಯೋಚಿಸಿದ್ದೇನೆ. ಬಡಗಿಗೆ ಅಡ್ವಾನ್ಸ್ ಕೊಡುವ ಮೊದಲು ತಪ್ಪು ಎಲ್ಲಿದೆ ಹೇಳಿ.

ಘಾಟಿ_ಸ್ಪ್ಯಾನರ್
ಬಡಗಿ ಕೊನೆಗೆ ಸರ್. ಮೊದಲು ಗಾಡಿಯ ಕೆಳಗೆ ಮಲಗಿ ನೋಡುವ ಕೆಲಸ ಇದೆ. ಮಂಚ ಕೂತ ಮೇಲೆ ಡಿಕ್ಕಿಯ ತಳ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ದೇಶದಲ್ಲಿ ಸ್ಟೇಷನ್ ವ್ಯಾಗನ್‌ಗಳು ಮಾರಾಟವಾಗಿದ್ದೇ ಕಡಿಮೆ. ಟಾಟಾ ಎಸ್ಟೇಟ್, ಬಲೆನೊ ಆಲ್ಟುರಾ, ಕೋರ್ಸಾ ಸ್ವಿಂಗ್, ಆಕ್ಟೇವಿಯಾ ಕಾಂಬಿ, ಮರೀನಾ, ಬೆರಳೆಣಿಕೆಯಷ್ಟು. ಇವುಗಳಲ್ಲಿ ಮರೀನಾ ಸಾಕುವುದು ಸುಲಭ, ಏಕೆಂದರೆ ಎಂಜಿನ್, ಬ್ರೇಕ್, ಮುಂದಿನ ಸಸ್ಪೆನ್ಷನ್‌ಗೆ ಇಂಡಿಗೊ, ಇಂಡಿಕಾದ ಸಾಮಾನು ಹೊಂದುತ್ತದೆ. ಹಿಂದಿನ ಬಾಗಿಲು, ಅದರ ಗಾಜು, ಪಕ್ಕದ ಕ್ವಾರ್ಟರ್ ಗಾಜು, ಟೇಲ್ ಲ್ಯಾಂಪ್ ಮಾತ್ರ ಮರೀನಾದ್ದೇ ಆಗಬೇಕು. ಗುಜರಿಯಲ್ಲಿ ಇವು ಕಂಡರೆ ಈಗಲೇ ತೆಗೆದಿಡಿ.

ಡಿಕ್ಕಿಯ ಕಾರ್ಪೆಟ್ ಎತ್ತಿ. ಅದರ ಅಡಿಯ ಫೆಲ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಒದ್ದೆ ಇದ್ದರೆ, ಹಳೆ ಗೋಣಿಚೀಲದ ವಾಸನೆ ಬಂದರೆ, ನೀರು ಎಲ್ಲಿಂದಲೋ ಒಳಗೆ ಬರುತ್ತಿದೆ ಎಂದೇ ಅರ್ಥ. ಸ್ಟೆಪ್ನಿ ಇರುವ ಗುಂಡಿ, ಎರಡು ತಗಡು ಸೇರುವ ಬೆಸುಗೆಯ ಅಂಚು, ಷಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ ಇವುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ತುಕ್ಕು ತಿಂದದ್ದು ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತದೆ, ಒತ್ತಿದರೆ ತುದಿ ಒಳಗೇ ಹೋಗುತ್ತದೆ. ಕತ್ತಲಾದ ಮೇಲೆ ಕೆಳಗಿನಿಂದ ಟಾರ್ಚ್ ಬಿಟ್ಟು ಒಳಗೆ ಕೂತು ನೋಡಿದರೆ ಸೂಜಿಮೊನೆಯಷ್ಟು ತೂತೂ ನಕ್ಷತ್ರದ ಹಾಗೆ ಕಾಣುತ್ತದೆ. ಷಾಕ್ ಕೂರುವ ಜಾಗವೇ ತಿಂದಿದ್ದರೆ ಆ ಗಾಡಿಗೆ ಮಂಚ ಮಾಡಿಸಬೇಡಿ. ಮೊದಲು ತಗಡು ಕತ್ತರಿಸಿ ಹೊಸದು ಬೆಸೆಯಬೇಕು.

ಸೋರುವ ಜಾಗ ಹುಡುಕುವುದು ಹೀಗೆ: ಡಿಕ್ಕಿಯ ಒಳಗೆಲ್ಲ ಟಾಲ್ಕಂ ಪೌಡರ್ ಉದುರಿಸಿ ಬಾಗಿಲು ಹಾಕಿ. ಹೊರಗಿನಿಂದ ಪೈಪಿನಲ್ಲಿ ಸಾವಕಾಶವಾಗಿ ನೀರು ಬಿಡಿ. ಮೊದಲು ಕೆಳಗೆ, ಆಮೇಲೆ ಟೇಲ್ ಲ್ಯಾಂಪ್, ಆಮೇಲೆ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್), ಕೊನೆಗೆ ಛಾವಣಿ, ಒಂದೊಂದಕ್ಕೆ 10 ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಗೊತ್ತೇ ಆಗುವುದಿಲ್ಲ. ಪೌಡರ್ ಮೇಲೆ ನೀರು ಇಳಿದ ಗೆರೆ ಹಿಡಿದು ಹೋದರೆ ಮೂಲ ಸಿಗುತ್ತದೆ. ಹಳೆ ವ್ಯಾಗನ್‌ಗಳಲ್ಲಿ ಹೆಚ್ಚು ಸಲ ಟೇಲ್ ಲ್ಯಾಂಪಿನ ಹಿಂದಿನ ಸ್ಪಂಜು ಗ್ಯಾಸ್ಕೆಟ್ ಅಥವಾ ಬಾಗಿಲಿನ ಬೀಡಿಂಗ್ ಸತ್ತಿರುತ್ತದೆ.

ತುಕ್ಕಿಗೆ ನೇರವಾಗಿ ಅಂಡರ್‌ಕೋಟ್ (ತಳಕ್ಕೆ ಬಳಿಯುವ ಡಾಂಬರಿನಂಥ ಲೇಪ) ಹೊಡೆಸಬೇಡಿ. ಒಳಗೆ ತೇವ ಉಳಿದು ಡಾಂಬರಿನ ಅಡಿಯಲ್ಲೇ ತಿನ್ನುತ್ತ ಹೋಗುತ್ತದೆ. ತಂತಿ ಬ್ರಷ್, ಆಮೇಲೆ ರಸ್ಟ್ ಕನ್ವರ್ಟರ್, ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಬೆಸುಗೆ ಅಂಚಿಗೆ ಸೀಮ್ ಸೀಲರ್, ಆಮೇಲೆ ಬಣ್ಣ. ತಳದ ರಬ್ಬರ್ ಬಿರಡೆಗಳನ್ನು ತೆಗೆದು ಸ್ವಚ್ಛ ಮಾಡಿ ಮತ್ತೆ ಹಾಕಿ.

ಘಾಟಿ_ಸ್ಪ್ಯಾನರ್
ಮುಂದುವರಿಕೆ. ಎಂಜಿನ್ ಕಡೆ ಬಂದರೆ, ಟೈಮಿಂಗ್ ಬೆಲ್ಟ್ (ಪಿಸ್ಟನ್‌ಗೂ ವಾಲ್ವ್‌ಗೂ ತಾಳ ಹೊಂದಿಸುವ ಬೆಲ್ಟ್) ಯಾವಾಗ ಬದಲಾಯಿಸಿದ್ದು ಎಂಬ ಬಿಲ್ ಕೈಯಲ್ಲಿ ಇಲ್ಲದಿದ್ದರೆ, ಬದಲಾಗಿಲ್ಲ ಎಂದೇ ಲೆಕ್ಕ. ಬೆಲ್ಟ್ ಜೊತೆಗೆ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಕೂಡ ಹಾಕಿಸಿ. ಬೆಲ್ಟ್ ಹೊಸದಿದ್ದು ಟೆನ್ಷನರ್ ಬೇರಿಂಗ್ ಹಿಡಿದುಕೊಂಡರೂ ವಾಲ್ವ್ ಬಾಗುತ್ತದೆ.

ರೇಡಿಯೇಟರ್‌ಗೆ ಬರೀ ನಲ್ಲಿ ನೀರು ಹಾಕಿ ಓಡಿಸಿದ ಗಾಡಿಗಳೇ ಹೆಚ್ಚು. ಮುಚ್ಚಳ ತೆಗೆದಾಗ ಕೆಂಪು ಕೆಸರು ಕಂಡರೆ ಫ್ಲಶ್ ಮಾಡಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ತುಂಬಿ. ಹೋಸ್ ಪೈಪುಗಳನ್ನು ಒತ್ತಿ ನೋಡಿ: ಮೆತ್ತಗಾಗಿ ಉಬ್ಬಿದ್ದರೂ ಬದಲು, ಗಟ್ಟಿಯಾಗಿ ಸೀಳಿದ್ದರೂ ಬದಲು. ರೇಡಿಯೇಟರ್ ಕ್ಯಾಪ್ ಹೊಸದು ಹಾಕಿ. ಸ್ಪ್ರಿಂಗ್ ಸತ್ತ ಕ್ಯಾಪ್ ಒತ್ತಡ ಹಿಡಿಯುವುದಿಲ್ಲ, ಒತ್ತಡ ಇಲ್ಲದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ. ಊರಲ್ಲಿ ಗೊತ್ತಾಗದ ಈ ದೋಷ ಲೋಡ್ ಹಾಕಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಹೊರಬರುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೀರಿದ್ದು ಘಾಟಿ ಇಳಿಯುವಾಗ ಬಿಸಿಗೆ ಕುದಿದು ಆವಿಯಾಗುತ್ತದೆ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. 2 ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಗ್ರೇಡ್ ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿ. ನಾಲ್ಕೂ ರಬ್ಬರ್ ಬ್ರೇಕ್ ಹೋಸ್ ಬಗ್ಗಿಸಿ ನೋಡಿ.

ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಟಯರಿನ ಮೇಲಿನ ಗುಂಡಿ (ಟ್ರೆಡ್) ಎಷ್ಟೇ ಉಳಿದಿದ್ದರೂ 6 ವರ್ಷ ದಾಟಿದ್ದನ್ನು ತುಂಬಿದ ಗಾಡಿಗೆ ಇಟ್ಟುಕೊಳ್ಳಬೇಡಿ. ಅಳತೆಯ ಕೊನೆಯ ಅಂಕಿ 82 ಇದ್ದರೆ ಒಂದು ಟಯರ್ ಹೊರುವುದು 475 ಕಿಲೊ. ಅದಕ್ಕಿಂತ ಕಡಿಮೆ ಅಂಕಿಯ ಟಯರ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಬೇಡಿ.

ಆರ್‌ಸಿ_ಪುಸ್ತಕ
ಸೀಟು ಕೀಳುವ ವಿಷಯಕ್ಕೆ. ಬೇಡ. ಆರ್‌ಸಿಯಲ್ಲಿ ಸೀಟಿನ ಸಂಖ್ಯೆ ಬರೆದಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಬದಲಾವಣೆಗೆ ಅವಕಾಶ ಇಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಸೀಟು ಕಿತ್ತು, ಪ್ಲೈವುಡ್‌ಗೆ ಬಾಡಿಯಲ್ಲೇ ತೂತು ಹೊಡೆದು ಬೋಲ್ಟ್ ಮಾಡಿದರೆ ಅದು ಬದಲಾವಣೆ. ಸೀಟು ಮಡಚಿ, ಸಾಮಾನಿನ ಹಾಗೆ ಇಟ್ಟು ಬೆಲ್ಟ್ ಕಟ್ಟಿದ ಮಂಚ ಬೇರೆ ಮಾತು. ಅರ್ಧ ಗಂಟೆಯಲ್ಲಿ ಹೊರಗೆ ತೆಗೆಯಲು ಬರುವ ಹಾಗೆ ಮಾಡಿಸಿ.

15 ವರ್ಷ ದಾಟಿದ ಖಾಸಗಿ ಗಾಡಿಗೆ ನವೀಕರಣ 5 ವರ್ಷಕ್ಕೊಮ್ಮೆ. ಮುಂದಿನ ತಪಾಸಣೆಗೆ ಗಾಡಿ ಮೂಲ ರೂಪದಲ್ಲೇ ನಿಲ್ಲಬೇಕು, ಆಗ ಮಂಚ ಮನೆಯಲ್ಲಿರುತ್ತದೆ. ಬುಲ್ ಬಾರ್ ಯೋಚನೆ ಇದ್ದರೆ ಅದೂ ಬೇಡ, 2017ರ ಡಿಸೆಂಬರ್‌ನಲ್ಲೇ ಕೇಂದ್ರ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ.

ಬಡಗಿ_ಪಟ್ಟಿ
18 ಎಂ.ಎಂ. ಲೆಕ್ಕ ಹಾಕಿದ್ದೀರಾ? 8x4 ಅಡಿ ಹಾಳೆ ಒಂದಕ್ಕೆ ಸುಮಾರು 35 ಕಿಲೊ. ಡ್ರಾಯರ್ ಸಮೇತ ಮಂಚಕ್ಕೆ ಎರಡು ಹಾಳೆ ಬೇಕು, ಜೊತೆಗೆ ಡ್ರಾಯರ್ ಚಾನೆಲ್. 80 ಕಿಲೊ ಹತ್ತಿರ, ಅಂದರೆ ಇನ್ನೊಬ್ಬ ಮನುಷ್ಯನನ್ನು ಯಾವಾಗಲೂ ಹಿಂದೆ ಕೂರಿಸಿಕೊಂಡು ಓಡಿಸಿದ ಹಾಗೆ. 12 ಎಂ.ಎಂ. ಹಾಳೆ ಸುಮಾರು 23 ಕಿಲೊ. ಅಡಿಗೆ 25x25 ಎಂ.ಎಂ., 2 ಎಂ.ಎಂ. ದಪ್ಪದ ಅಲ್ಯೂಮಿನಿಯಂ ಚೌಕ ಪೈಪು ಮೀಟರಿಗೆ ಅರ್ಧ ಕಿಲೊ, 10 ಮೀಟರ್ ಸಾಕು. ಅದೇ ಅಳತೆಯ ಕಬ್ಬಿಣದ್ದು ಎರಡೂವರೆ ಪಟ್ಟಿಗೂ ಮೇಲೆ ತೂಗುತ್ತದೆ. ಒಟ್ಟು 30 ಕಿಲೊ ಒಳಗೆ ಮುಗಿಯಬೇಕು.

ಪ್ಲೈ ಐಎಸ್ 710 ಗುರುತು ಇರುವ ಮರೈನ್ ಪ್ಲೈಯೇ ಆಗಬೇಕು. ಗಾಡಿಯೊಳಗೆ ರಾತ್ರಿ ಉಸಿರಿನ ತೇವ, ಹಗಲು ಬಿಸಿಲಿನ ಕಾವು. ಅಗ್ಗದ ಕಮರ್ಷಿಯಲ್ ಪ್ಲೈ ಒಂದು ಮಳೆಗಾಲದಲ್ಲಿ ಪದರ ಬಿಡುತ್ತದೆ. ಕತ್ತರಿಸಿದ ಅಂಚುಗಳಿಗೆ ಪಾಲಿಷ್ ಎರಡು ಸಲ ಹೆಚ್ಚು ಕುಡಿಸಿ, ನೀರು ಒಳಹೋಗುವುದು ಅಂಚಿನಿಂದಲೇ. ಸನ್‌ಮೈಕಾ ಅಂಟಿಸಬೇಡಿ, ಬರೀ ತೂಕ.

ಉದ್ದ 185 ಸೆಂ.ಮೀ. ಇಟ್ಟುಕೊಳ್ಳಿ. ಮುಂದಿನ ಸೀಟು ಪೂರ್ತಿ ಮುಂದಕ್ಕೆ ತಳ್ಳಿದಾಗ ಮಾತ್ರ ಇಷ್ಟು ಸಿಗುತ್ತದೆ. ಆದ್ದರಿಂದ ಮಂಚ ಮೂರು ತುಂಡು, ತಲೆ ಕಡೆಯ ತುಂಡಿಗೆ ಪಿಯಾನೊ ಕೀಲು (ಅಂಚಿನ ಉದ್ದಕ್ಕೂ ಇರುವ ಪಟ್ಟಿ ಕೀಲು). ಓಡಿಸುವಾಗ ಅದು ಮಡಚಿ ನಡುವಿನ ತುಂಡಿನ ಮೇಲೆ ಮಲಗಿರುತ್ತದೆ, ರಾತ್ರಿ ಬಿಚ್ಚಿದರೆ ಮುಂದಿನ ಸೀಟಿನ ಹಿಂದಿನ ಹಳ್ಳದ ಮೇಲೆ ಚಾಚುತ್ತದೆ. ಅದರ ಅಡಿಗೆ ಎರಡು ಮಡಚುವ ಕಾಲು, ಕಾಲಿನ ಬುಡಕ್ಕೆ ರಬ್ಬರ್ ಬುಷ್. 62x105 ಸೆಂ.ಮೀ. ತುಂಡು ಒಂದಕ್ಕೆ 5 ಕಿಲೊ ಬರುತ್ತದೆ, ಒಬ್ಬರೇ ಎತ್ತಬಹುದು. ಮೂರನ್ನೂ ಒಂದೇ 8x4 ಹಾಳೆಯಲ್ಲಿ ಕತ್ತರಿಸಿ ಉಳಿದದ್ದರಲ್ಲಿ ಅಡ್ಡ ಪಟ್ಟಿಗಳು ಆಗುತ್ತವೆ.

12 ಎಂ.ಎಂ. ಪ್ಲೈಗೆ ಅಡಿಯ ಪೈಪು 40 ಸೆಂ.ಮೀ.ಗಿಂತ ದೂರ ಇದ್ದರೆ ನಡು ಬಗ್ಗುತ್ತದೆ. ತುಂಡುಗಳಿಗೆ 50 ಎಂ.ಎಂ. ಹೋಲ್ ಸಾ ಹಾಕಿ ಗೇಣು ಅಂತರದಲ್ಲಿ ತೂತು ತೆಗೆಸಿ. ತೂಕ ಇಳಿಯುವುದು ಸ್ವಲ್ಪವೇ. ಆದರೆ ಹಾಸಿಗೆಯ ಅಡಿಗೆ ಗಾಳಿ ಆಡುತ್ತದೆ, ಇಲ್ಲದಿದ್ದರೆ ಮೂರನೇ ದಿನಕ್ಕೆ ಹಾಸಿಗೆಯ ತಳ ಬೂಷ್ಟು ಹಿಡಿಯುತ್ತದೆ. ತೂತಿನ ಮೇಲೆ ಪೈಪು ಬರದ ಹಾಗೆ ಮೊದಲೇ ಗುರುತು ಹಾಕಿ.

ಜೋಡಣೆಗೆ ಮರದ ಸ್ಕ್ರೂ ಬೇಡ. ಪ್ಲೈ ಅಂಚಿಗೆ ಹಾಕಿದ ಸ್ಕ್ರೂ 500 ಕಿ.ಮೀ. ಕಚ್ಚಾ ರಸ್ತೆಯಲ್ಲಿ ತೂತು ಅಗಲ ಮಾಡಿಕೊಂಡು ಹೊರಬರುತ್ತದೆ. ಟೀ ನಟ್ (ಪ್ಲೈಗೆ ಕಚ್ಚಿ ಕೂರುವ ನಟ್), ಎಂ6 ಬೋಲ್ಟ್, ಪೈಪು ಕಡೆಗೆ ಅದುರಿದರೂ ಸಡಿಲವಾಗದ ನೈಲಾಕ್ ನಟ್. ಲೋಹಕ್ಕೆ ಮರ ತಾಗುವಲ್ಲೆಲ್ಲ ಹಳೆ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದರೆ ಕಿರ್ ಕಿರ್ ಶಬ್ದ ಇರುವುದಿಲ್ಲ.

ಗಾಡಿ_ಗೂಡು
ಎಷ್ಟು ಉಪಯೋಗವಾಯಿತು! ಡ್ರಾಯರ್ ಬಿಟ್ಟೆ. ಎತ್ತರದ ಬಗ್ಗೆ ಒಂದು ಪ್ರಶ್ನೆ. ಅಡಿಯಲ್ಲಿ ಸಾಮಾನಿಗೆ 30 ಸೆಂ.ಮೀ. ಬಿಟ್ಟರೆ ಹೇಗೆ?

ಬಡಗಿ_ಪಟ್ಟಿ
ಕೂರಲು ಆಗುವುದಿಲ್ಲ. ಮಡಚಿದ ಸೀಟಿಗೂ ಡಿಕ್ಕಿಯ ತಳಕ್ಕೂ ಇರುವ ಮೆಟ್ಟಿಲನ್ನು ಮೊದಲು ಅಳೆಯಿರಿ. ಮಂಚದ ಮಟ್ಟ ಆ ಮೆಟ್ಟಿಲಿನ ಮೇಲ್ಭಾಗ, ಅಥವಾ ಚಕ್ರದ ಉಬ್ಬಿನ ಮೇಲ್ಭಾಗ, ಎರಡರಲ್ಲಿ ಯಾವುದು ಎತ್ತರವೋ ಅದಕ್ಕೆ ಸರಿಯಾಗಿರಲಿ. ಉಬ್ಬನ್ನು ದಾಟಿದರೆ ಪೂರ್ತಿ ಅಗಲ ಸಿಗುತ್ತದೆ, ಭುಜಕ್ಕೆ ಜಾಗ ಬರುವುದು ಅದರಿಂದಲೇ. ಅದಕ್ಕೂ ಮೇಲೆ ಎತ್ತಿದ ಪ್ರತಿ ಸೆಂ.ಮೀ. ನಿಮ್ಮ ಮುಖಕ್ಕೂ ಛಾವಣಿಗೂ ನಡುವಿನ ಜಾಗದಿಂದ ಹೋಗುತ್ತದೆ. ಮಂಚ ಮಾಡಿಸುವ ಮೊದಲು ರಟ್ಟಿನ ಪೆಟ್ಟಿಗೆ ಜೋಡಿಸಿ ಅದೇ ಎತ್ತರದಲ್ಲಿ ಒಮ್ಮೆ ಮಲಗಿ, ಮಗ್ಗುಲು ಬದಲಿಸಿ ನೋಡಿ. ಹಾಸಿಗೆ 3 ಇಂಚಿನ 40 ಡೆನ್ಸಿಟಿ ಫೋಮ್, ಮಂಚದ ಹಾಗೇ ಮೂರು ಮಡಿಕೆ. ನಾರಿನ ಹಾಸಿಗೆ ತೇವ ಕುಡಿಯುತ್ತದೆ.

ಇನ್ನೊಂದು, ಸ್ಟೆಪ್ನಿ, ಜಾಕ್ ತೆಗೆಯಲು ಇಡೀ ಮಂಚ ಬಿಚ್ಚಬೇಕಾದ ಹಾಗೆ ಮಾಡಬೇಡಿ. ಹಿಂದಿನ ತುಂಡು ಒಂದನ್ನೇ ಎತ್ತಿದರೆ ಸಿಗಬೇಕು. ಮಳೆಯಲ್ಲಿ ರಸ್ತೆ ಬದಿ ಹಾಸಿಗೆ ಇಳಿಸಿ ಇಡಲು ಜಾಗ ಎಲ್ಲಿರುತ್ತದೆ?

ಘಾಟಿ_ಸ್ಪ್ಯಾನರ್
ಮಂಚ ಕಟ್ಟುವುದರ ಬಗ್ಗೆ. ಗಟ್ಟಿ ಬ್ರೇಕ್ ಹಾಕಿದಾಗ 30 ಕಿಲೊ ಹಲಗೆ ಜಾರಿದರೆ ಮುಂದಿನ ಸೀಟಿನವರ ಬೆನ್ನಿಗೇ ಬರುತ್ತದೆ. ಬಾಡಿಯಲ್ಲಿ ಮೊದಲೇ ಇರುವ ಗಟ್ಟಿ ಹಿಡಿತಕ್ಕೆ ರ‍್ಯಾಚೆಟ್ ಬೆಲ್ಟ್ ಕಟ್ಟಿ. ಕೆಲವರು ಹಿಂದಿನ ಸೀಟ್ ಬೆಲ್ಟಿನ ಬೋಲ್ಟ್ ಜಾಗಕ್ಕೆ ಕೊಂಡಿ ಹಾಕುತ್ತಾರೆ. ಅಲ್ಲಿ ಸಾಮಾನ್ಯವಾಗಿ ಇರುವುದು 7/16 ಇಂಚಿನ, ಇಂಚಿಗೆ 20 ಸುತ್ತಿನ ಥ್ರೆಡ್. ಕೈಗೆ ಸಿಕ್ಕ ಎಂ10 ಅಥವಾ ಎಂ12 ಬೋಲ್ಟ್ ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹಾಳು, ಆಮೇಲೆ ಸೀಟ್ ಬೆಲ್ಟೇ ನಿಲ್ಲುವುದಿಲ್ಲ. ಕೈಯಲ್ಲಿ ಐದು ಸುತ್ತು ಸಲೀಸಾಗಿ ಹೋಗದ ಬೋಲ್ಟ್ ಅಲ್ಲಿಯದಲ್ಲ.

ತಗಡು_ಛಾವಣಿ
ಫ್ರಿಜ್‌ಗೆ ಮನೆಯ ಇನ್ವರ್ಟರಿನ 150 ಆಂಪ್ ಅವರ್ ಟ್ಯೂಬುಲರ್ ಬ್ಯಾಟರಿ ಚೆನ್ನಾಗೇ ಇದ್ದರೆ ಅದನ್ನೇ ಇಡಬಹುದಲ್ಲ? ಲಿಥಿಯಂಗೆ ದುಡ್ಡು ಸುರಿಯುವುದು ಯಾಕೆ?

ಹನ್ನೆರಡು_ವೋಲ್ಟ್
ಬೇಡ ಅಣ್ಣಾ. ಮೂರು ಕಾರಣ. ಅದು 50 ಕಿಲೊಗೂ ಮೇಲೆ ತೂಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ನೀವು ಮಲಗುವುದು ಅದರ ಮೇಲೆ. ಓರೆಯಾದರೆ ಆಸಿಡ್ ಚೆಲ್ಲುತ್ತದೆ. ದುಡ್ಡು ಉಳಿಸಲೇಬೇಕು ಎಂದರೆ ಸೀಲ್ಡ್ ಎಜಿಎಂ (ಆಸಿಡ್ ಚೆಲ್ಲದ ಸೀಸದ ಬ್ಯಾಟರಿ) ತನ್ನಿ, ಆದರೆ ಅದರಲ್ಲಿ ಅರ್ಧ ಮಾತ್ರ ಬಳಸಬಹುದು. ದಿನಾ ಅದಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಬೇಗ ಮುಗಿಯುತ್ತದೆ.

ಮೊದಲು ಖರ್ಚಿನ ಲೆಕ್ಕ ಹಾಕೋಣ, ಬ್ಯಾಟರಿ ಆಮೇಲೆ. ಸಣ್ಣ ಕಂಪ್ರೆಸರ್ ಫ್ರಿಜ್ ಓಡುವಾಗ 45 ವ್ಯಾಟ್ ಎಂದುಕೊಳ್ಳಿ, ಗಂಟೆಯಲ್ಲಿ ಶೇ 40 ಹೊತ್ತು ಓಡಿದರೆ 24 ಗಂಟೆಗೆ 430 ವ್ಯಾಟ್ ಅವರ್. ಫ್ಯಾನ್ 6 ವ್ಯಾಟ್ 8 ಗಂಟೆ, 48. ಎಲ್‌ಇಡಿ ದೀಪ 5 ವ್ಯಾಟ್ 4 ಗಂಟೆ, 20. ಎರಡು ಫೋನ್ 30. ಒಟ್ಟು 530 ಹತ್ತಿರ. 12.8 ವೋಲ್ಟ್ 100 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್ ಅವರ್, ಅದರ ಶೇ 80 ಬಳಸಿದರೂ ಸಾವಿರ ಸಿಗುತ್ತದೆ. ಗಾಡಿ ಸ್ಟಾರ್ಟ್ ಮಾಡದೆ ಹತ್ತಿರ ಹತ್ತಿರ ಎರಡು ದಿನ. ಫ್ರಿಜ್ ಇಲ್ಲದಿದ್ದರೆ 30 ಆಂಪ್ ಅವರ್ ಬ್ಯಾಟರಿ ಸಾಕು ಎಂಬುದನ್ನೂ ನೋಡಿ. ಎರಡು ದಿನದ ಪ್ರವಾಸಕ್ಕೆ ಐಸ್ ಪೆಟ್ಟಿಗೆಯೇ ಸರಿ ಎಂದು ನನ್ನ ಅಭಿಪ್ರಾಯ.

ಗಾಡಿಯ ಸ್ಟಾರ್ಟಿಂಗ್ ಬ್ಯಾಟರಿಗೆ ಫ್ರಿಜ್ ಕೊಡಲೇಬೇಡಿ. ಎರಡನೇ ಬ್ಯಾಟರಿಯನ್ನು ಬರೀ ರಿಲೇ ಹಾಕಿ ಆಲ್ಟರ್ನೇಟರ್‌ಗೆ (ಎಂಜಿನ್ ತಿರುಗಿಸುವ ಡೈನಮೊಗೆ) ಸೇರಿಸುವ ಪದ್ಧತಿ ಲಿಥಿಯಂಗೆ ಆಗುವುದಿಲ್ಲ. ಅದರ ಒಳಪ್ರತಿರೋಧ ತುಂಬ ಕಡಿಮೆ, ಆಲ್ಟರ್ನೇಟರ್ ಕೊಟ್ಟಷ್ಟನ್ನೂ ಎಳೆಯುತ್ತದೆ. ಐಡಲ್‌ನಲ್ಲಿ ನಿಧಾನ ತಿರುಗುವ ಹಳೆ ಆಲ್ಟರ್ನೇಟರ್‌ಗೆ ತಂಪು ಗಾಳಿ ಸಾಲದು, ಡಯೋಡ್ ಸುಡುತ್ತದೆ. ಎಳೆಯುವ ಕರೆಂಟಿಗೆ ಮಿತಿ ಹಾಕುವ 20 ಆಂಪ್ ಡಿಸಿ-ಡಿಸಿ ಚಾರ್ಜರ್ ಹಾಕಿ, ಇಗ್ನಿಷನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುವ ವೈರ್ ಕೊಡಿ. ಮೂರು ಗಂಟೆ ಓಡಿಸಿದರೆ ಒಂದು ದಿನದ ಖರ್ಚು ವಾಪಸ್ ಬರುತ್ತದೆ.

ವೈರ್ ಲೆಕ್ಕ: ಬಾನೆಟ್‌ನಿಂದ ಡಿಕ್ಕಿಗೆ 4 ಮೀಟರ್ ಎಂದರೆ ಹೋಗಿ ಬರಲು 8 ಮೀಟರ್. 20 ಆಂಪ್‌ಗೆ 6 ಚದರ ಎಂ.ಎಂ. ತಾಮ್ರದಲ್ಲಿ ಅರ್ಧ ವೋಲ್ಟ್ ನಷ್ಟ, 10ರಲ್ಲಿ 0.3, 16ರಲ್ಲಿ 0.2ಕ್ಕೂ ಕಡಿಮೆ. 10 ಚದರ ಎಂ.ಎಂ. ಹಾಕಿ. 40 ಆಂಪ್ ಫ್ಯೂಸ್ ಮುಂದಿನ ಬ್ಯಾಟರಿಯಿಂದ ಗೇಣು ದೂರದೊಳಗೆ, ಇನ್ನೊಂದು ಹಿಂದಿನ ಬ್ಯಾಟರಿಯ ಪಕ್ಕ. ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ನಡುವೆ ಎಲ್ಲಿ ಬಾಡಿಗೆ ತಾಗಿದರೂ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಒಂದೇ ಫ್ಯೂಸ್ ಇದ್ದರೆ ಅರ್ಧ ವೈರಿಗೆ ರಕ್ಷಣೆಯೇ ಇಲ್ಲ. ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡು) ದಾಟುವಲ್ಲಿ ರಬ್ಬರ್ ಗ್ರಾಮೆಟ್ ಕಡ್ಡಾಯ.

ನೆಗೆಟಿವ್‌ಗೆ ಬಾಡಿ ಸಾಕು ಎನ್ನುವವರು ಇದ್ದಾರೆ. ಹೊಸ ಗಾಡಿಗೆ ಸರಿ. 2007ರ ಗಾಡಿಯಲ್ಲಿ ಬಾಡಿ ಅರ್ತಿಂಗ್ ಪಟ್ಟಿಗಳೇ ಹಸಿರು ತಿರುಗಿರುತ್ತವೆ, ಪ್ರತ್ಯೇಕ ನೆಗೆಟಿವ್ ವೈರ್ ಎಳೆದುಬಿಡಿ.

ವೈರಿನ ತುದಿಗೆ ಹಾಕುವ ಲಗ್ ಅನ್ನು ಸುತ್ತಿಗೆಯಲ್ಲಿ ಜಜ್ಜಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರುವ ಅಂಗಡಿಯಲ್ಲಿ ಒತ್ತಿಸಿ. ಸಡಿಲ ಜಾಯಿಂಟ್‌ನಲ್ಲಿ 20 ಮಿಲಿ ಓಮ್ ಉಳಿದರೂ 20 ಆಂಪ್‌ಗೆ 8 ವ್ಯಾಟ್ ಬಿಸಿ ಆ ಒಂದು ಚುಕ್ಕೆಯಲ್ಲಿ ಹುಟ್ಟುತ್ತದೆ. ಫ್ಯೂಸ್ ಹಾರಿರುವುದಿಲ್ಲ, ಆದರೆ ಫ್ಯೂಸ್ ಹೋಲ್ಡರ್‌ನ ಪ್ಲಾಸ್ಟಿಕ್ ಕಂದಾಗಿ ಮೇಣದ ಹಾಗೆ ಇಳಿದಿರುತ್ತದೆ. ಅಂಥದ್ದು ಕಂಡರೆ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ, ಜಾಯಿಂಟ್ ಕತ್ತರಿಸಿ ಹೊಸದು ಒತ್ತಿ. ಮೊದಲ ಸಲ ಅರ್ಧ ಗಂಟೆ ಚಾರ್ಜ್ ಮಾಡಿ ಎಂಜಿನ್ ನಿಲ್ಲಿಸಿ, ಪ್ರತಿ ಜಾಯಿಂಟ್‌ಗೂ ಬೆರಳು ಇಟ್ಟು ನೋಡಿ. ಕೈ ಹಿಂತೆಗೆಯುವಷ್ಟು ಬಿಸಿ ಎಲ್ಲಿದೆಯೋ ಅಲ್ಲೇ ದೋಷ.

ಬಿಸಿಲ_ಬಯಲು
ನಮ್ ಕಡೆ ಬಿಸಿಲಿನ ಲೆಕ್ಕ ಬ್ಯಾರೆ ಐತ್ರಿ. ಏಪ್ರಿಲ್‌ನ್ಯಾಗ ರಾಯಚೂರು, ಕಲಬುರಗಿ ಬಿಸಿಲಿಗೆ ಗಾಡಿ ನಿಂತ್ರ ಒಳಗ 60 ಡಿಗ್ರಿ ಮುಟ್ಟತದ. ಆ ಹೊತ್ತಿಗೆ ಫ್ರಿಜ್ ಶೇ 40 ಅಲ್ಲ, ಶೇ 70 ಓಡತದ. ಹನ್ನೆರಡು_ವೋಲ್ಟ್ ಹೇಳಿದ ಲೆಕ್ಕದಾಗ ಆ 430 ಇದ್ದದ್ದು 750 ಆಗತದ. ಲಿಥಿಯಂ ಬ್ಯಾಟರಿನ ಕಿಟಕಿ ಪಕ್ಕಕ್ಕ ಇಡಬ್ಯಾಡ್ರಿ, ಮಂಚದ ಕೆಳಗ ತಳಕ್ಕ ಇಡ್ರಿ. ಒಳಗ ಕುದಿಯೋ ಹೊತ್ತಿಗೆ ಚಾರ್ಜ್ ಮಾಡಬ್ಯಾಡ್ರಿ, 10 ನಿಮಿಷ ಬಾಗಿಲಾ ತೆರೆದು ಕಾವು ಹೊರಗ ಬಿಡ್ರಿ.

ಕಿಟಕಿ ಮುಚ್ಚಾಕ ಬೆಳ್ಳಿ ಬಣ್ಣದ ಬಬಲ್ ಶೀಟ್ ಸಿಗತದ. ಪೇಪರ್ ಮ್ಯಾಲ ಗಾಜಿನ ಅಳತಿ ತಗೊಂಡು, ಸುತ್ತ 1 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಸ್ರಿ, ಒತ್ತಿ ಕೂಡ್ರಸಿದ್ರ ತಾನೇ ನಿಲ್ಲತದ. ಮರೀನಾಕ್ಕ ಹಿಂದ ಗಾಜು ಭಾಳ, ಅದಕ್ಕ ಇದು ಬೇಕೇ ಬೇಕು. ಹಗಲು ಇನ್ನೂ ಚಲೋ ಅಂದ್ರ ಗಾಜಿನ ಹೊರಗ ಮುಚ್ಚೋದು. ಬಿಸಿಲು ಗಾಜು ದಾಟಿ ಒಳಗ ಬಂದ ಮ್ಯಾಲ ತಡದ್ರ ಅರ್ಧ ಕಾವು ಒಳಗೇ ಉಳಿತದ.

ಇನ್ನೊಂದ್ ಮಾತು, ಗ್ಯಾಸಿನ ಸಣ್ಣ ಡಬ್ಬಿ. 50 ಡಿಗ್ರಿ ದಾಟಬಾರದು ಅಂತ ಡಬ್ಬಿ ಮ್ಯಾಲೇ ಬರ್ದಿರತದ. ನಿಂತ ಗಾಡಿಯೊಳಗ ಬಿಟ್ಟು ಗುಡಿ ನೋಡಾಕ ಹೋಗಬ್ಯಾಡ್ರಿ. ಬಿಸಿಲಿನ ಊರಿಗೆ ಅದನ್ನ ಒಯ್ಯೋದಾ ಬ್ಯಾಡ.

ಮಲೆನಾಡ_ಮಳೆ
ನಮ್ಮಲ್ಲಿ ಸಮಸ್ಯೆ ತೇವದ್ದು. ಇಬ್ಬರು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದಲೇ ಅರ್ಧ ಲೀಟರ್ ಹತ್ತಿರ ನೀರು ಗಾಳಿಗೆ ಸೇರುತ್ತದೆ. ಕಿಟಕಿ ಪೂರ್ತಿ ಹಾಕಿದರೆ ಬೆಳಗ್ಗೆ ಗಾಜಿನಿಂದ ಇಳಿದು ಬಾಗಿಲ ಪ್ಯಾಡ್ ಒಳಗೆ ಹೋಗುತ್ತದೆ, ತುಕ್ಕು ಶುರುವಾಗುವ ಒಂದು ದಾರಿ ಅದು. ನಾಲ್ಕು ಕಿಟಕಿಗೂ ರೇನ್ ವೈಸರ್ ಇರಲಿ. ಎದುರುಬದುರಿನ ಎರಡು ಕಿಟಕಿ 2 ಸೆಂ.ಮೀ. ಇಳಿಸಿ, ಒಂದರ ಹತ್ತಿರ ಫ್ಯಾನ್ ಹೊರಮುಖವಾಗಿ ಇಡಿ. ಗಾಳಿ ಒಳಗೆ ಊದುವುದಕ್ಕಿಂತ ಹೊರಗೆ ಎಳೆದರೆ ತೇವ ಬೇಗ ಹೋಗುತ್ತದೆ. ಒದ್ದೆ ಬಟ್ಟೆ, ಛತ್ರಿ ಒಳಗೆ ಇಡಬೇಡಿ.

ಸೊಳ್ಳೆ ಪರದೆಗೆ ಇಡೀ ಬಾಗಿಲಿನ ಮೇಲಿಂದ ತೊಡಿಸುವ ಚೀಲದ ಹಾಗಿನದು ಒಳ್ಳೆಯದು, ಬಾಗಿಲು ಹಾಕಿದರೂ ಕಿಟಕಿ ಇಳಿಸಬಹುದು. ಅಯಸ್ಕಾಂತದ್ದು ಗಾಳಿಗೆ ಬಿಚ್ಚಿಕೊಳ್ಳುತ್ತದೆ.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಬರೀ ಕಿರಿಕಿರಿ. ಹೆದರಬೇಕಾದದ್ದು ಮಳೆ ನಿಂತ ಮೇಲಿನ ಉಣುಗಿಗೆ (ಉಣ್ಣೆಗೆ). ಅದು ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ದರಗೆಲೆ ಹಾಸಿದ ಜಾಗದಲ್ಲಿ ಗಾಡಿ ನಿಲ್ಲಿಸಿ ನೆಲದಲ್ಲಿ ಚಾಪೆ ಹಾಕಬೇಡಿ. ಕುರ್ಚಿ ಇರಲಿ, ಉದ್ದ ತೋಳು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಪೀಡಿತ ಊರುಗಳಲ್ಲಿ ಆರೋಗ್ಯ ಇಲಾಖೆ ಉಣುಗು ಹತ್ತದ ಹಾಗೆ ಡೀಪಾ ಎಣ್ಣೆ ಹಂಚುತ್ತದೆ, ಕೇಳಿ ಹಚ್ಚಿಕೊಳ್ಳಿ. ಹಾಸಿಗೆ ಹತ್ತುವ ಮೊದಲು ಬಟ್ಟೆ ಹೊರಗೇ ಕೊಡವಿ, ಮೈ ನೋಡಿಕೊಳ್ಳಿ. ಮಂಗ ಸತ್ತ ಸುದ್ದಿ ಇರುವ ಕಡೆ ತಂಗುವುದೇ ಬೇಡ.

ತಗಡು_ಛಾವಣಿ
ಚಳಿಗೆ ಒಳಗೆ ಸಣ್ಣ ಇದ್ದಿಲು ಒಲೆ ಇಟ್ಟುಕೊಂಡರೆ? ಕಿಟಕಿ ಸ್ವಲ್ಪ ತೆರೆದಿರುತ್ತದಲ್ಲ.

ಮಲೆನಾಡ_ಮಳೆ
ಖಂಡಿತ ಬೇಡ. ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. 2 ಸೆಂ.ಮೀ. ತೆರೆದ ಕಿಟಕಿ ಅದಕ್ಕೆ ಏನೇನೂ ಸಾಲದು. ಎಸಿಗಾಗಿ ಎಂಜಿನ್ ಓಡಿಸುತ್ತ ಮಲಗುವುದೂ ಅಷ್ಟೇ ಅಪಾಯ, ಸೈಲೆನ್ಸರ್ ತೂತಾಗಿದ್ದರೆ ಹೊಗೆ ತಳದಿಂದ ಒಳಗೆ ಬರುತ್ತದೆ. ಕೊಡಗಿನ ಜನವರಿಗೂ ಒಂದು ಒಳ್ಳೆ ರಗ್ಗು, ಬಿಸಿನೀರಿನ ಬಾಟಲಿ ಸಾಕು. ಅಡುಗೆ ಯಾವತ್ತೂ ಹೊರಗೆ, ಡಿಕ್ಕಿ ಬಾಗಿಲಿನ ಅಡಿಯಲ್ಲಿ.

ಘಾಟಿ_ಸ್ಪ್ಯಾನರ್
ಆ ಬಾಗಿಲಿನ ಮಾತು ಬಂತಲ್ಲ, ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಎರಡನ್ನೂ ಬದಲಾಯಿಸಿ. ಇಷ್ಟು ಹಳೆಯದರಲ್ಲಿ ಬೆಳಗಿನ ಚಳಿಗೆ ಒತ್ತಡ ಇಳಿದು ಬಾಗಿಲು ತಾನಾಗಿ ತಲೆ ಮೇಲೆ ಬರುತ್ತದೆ, ಕೆಳಗೆ ಕುದಿಯುವ ಪಾತ್ರೆ ಇರುತ್ತದೆ. ಸ್ಟ್ರಟ್ ಮೈಮೇಲೆ ನ್ಯೂಟನ್ ಅಂಕಿ, ಉದ್ದ ಇರುತ್ತದೆ, ಅದೇ ಅಂಕಿಯದು ತನ್ನಿ. ಹೆಚ್ಚು ಬಲದ್ದು ಹಾಕಿದರೆ ಕೀಲಿನ ಹತ್ತಿರ ತಗಡು ಬಗ್ಗುತ್ತದೆ. ಒಂದನ್ನೇ ಬದಲಾಯಿಸಿದರೆ ಬಾಗಿಲು ತಿರುಚಿ ಬೀಡಿಂಗ್ ಒಂದು ಕಡೆ ಸೋರುತ್ತದೆ.

ಹಿಂಭಾಗ ಕುಸಿಯುತ್ತದೆ ಎಂದು ಸ್ಪ್ರಿಂಗ್ ಸುತ್ತಿನ ನಡುವೆ ರಬ್ಬರ್ ಬಫರ್ ತುರುಕುವ ಅಂಗಡಿಗಳು ತುಂಬ ಇವೆ. ಅದು ಸ್ಪ್ರಿಂಗಿನ ಒಂದೆರಡು ಸುತ್ತಿನ ಕೆಲಸ ನಿಲ್ಲಿಸುತ್ತದೆ, ಭಾರವೆಲ್ಲ ಉಳಿದ ಸುತ್ತುಗಳಿಗೆ. ಗುಂಡಿಗೆ ಬಿದ್ದಾಗ ಅಲ್ಲೇ ಬಿರುಕು ಬಿಡುತ್ತದೆ. ಸತ್ತ ಷಾಕ್ ಅದರಿಂದ ಸರಿಯಾಗುವುದೂ ಇಲ್ಲ. ಹೊಸ ಷಾಕ್ ಎರಡು, ಮೇಲಿನ ಮೌಂಟಿಂಗ್ ರಬ್ಬರ್, ಕುಸಿದಿದ್ದರೆ ಕಂಪನಿ ಅಳತೆಯ ಸ್ಪ್ರಿಂಗ್, ಅಷ್ಟೇ.

ಆರ್‌ಸಿ_ಪುಸ್ತಕ
ಕ್ಯಾರಿಯರ್, ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. ಮೇಲಿನ ಭಾರ ತಿರುವಿನಲ್ಲಿ ಗಾಡಿಯನ್ನು ವಾಲಿಸುತ್ತದೆ, ಮೈಲೇಜ್ ತಿನ್ನುತ್ತದೆ, ಚೆಕ್‌ಪೋಸ್ಟಿನಲ್ಲಿ ಪ್ರಶ್ನೆ ತರುತ್ತದೆ. ಮಡಚುವ 100 ವ್ಯಾಟ್ ಪ್ಯಾನೆಲ್ ಇದ್ದರೆ ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ ಇಡಬಹುದು. ಒಳ್ಳೆ ಬಿಸಿಲಿಗೆ ದಿನಕ್ಕೆ 400 ವ್ಯಾಟ್ ಅವರ್ ಹತ್ತಿರ ಬರುತ್ತದೆ, ಆಗುಂಬೆಯ ಜುಲೈನಲ್ಲಿ ಅದನ್ನು ನಂಬಿ ಕೂರಬೇಡಿ.

ತಂಗುವ ಜಾಗ: ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನಿಲ್ಲುವುದು ಅಪರಾಧ, ಗಾಡಿ ಜಪ್ತಿವರೆಗೂ ಹೋಗಬಹುದು. ಹೋಂಸ್ಟೇ ಅಂಗಳ, ತೋಟದ ಮಾಲೀಕರ ಒಪ್ಪಿಗೆ, ಪೆಟ್ರೋಲ್ ಬಂಕ್ ಇವೇ ಸರಿ. ಬಂಡೀಪುರದ ರಾಷ್ಟ್ರೀಯ ಹೆದ್ದಾರಿ 766 ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ನಾಗರಹೊಳೆ ದಾಟುವ ಮೈಸೂರು–ಮಾನಂತವಾಡಿ ರಸ್ತೆ ಸಂಜೆ 6ರಿಂದಲೇ ಬಂದ್. ಕರಾವಳಿಯಲ್ಲಿ ತೆಂಗಿನ ಮರದ ಅಡಿ ನಿಲ್ಲಿಸಬೇಡಿ, ಮರಳಿಗೆ ಇಳಿಸಬೇಡಿ. ಸಮುದ್ರದ ಪಕ್ಕ ಒಂದು ರಾತ್ರಿ ನಿಂತರೂ ವಾಪಸ್ ಬಂದು ಗಾಡಿಯ ತಳ ಸಿಹಿನೀರಿನಲ್ಲಿ ತೊಳೆಸಿ.

ಗಾಡಿ_ಗೂಡು
ಯೋಜನೆ ಬದಲಾಯಿತು. ಸೀಟು ಇರುತ್ತದೆ, ಕ್ಯಾರಿಯರ್ ಇಲ್ಲ, ಡ್ರಾಯರ್ ಇಲ್ಲ. ಮೊದಲು ಟೈಮಿಂಗ್ ಬೆಲ್ಟ್, ಕೂಲಿಂಗ್, ಬ್ರೇಕ್, ಹಿಂದಿನ ಷಾಕ್. ಆಮೇಲೆ ತಗಡು. ಮಂಚ 12 ಎಂ.ಎಂ. ಮೂರು ತುಂಡು. ತೂಕ: ಮಂಚ 30, ಹಾಸಿಗೆ 8, ಬ್ಯಾಟರಿ ಚಾರ್ಜರ್ 14, ಫ್ರಿಜ್ ತುಂಬಿ 20, ನೀರು 20, ಒಲೆ ಪಾತ್ರೆ 10, ಬಟ್ಟೆ ಕುರ್ಚಿ 25. ಒಟ್ಟು 127 ಕಿಲೊ, ಇಬ್ಬರು ಸೇರಿ 265. ಇದು ಸರಿಯೇ?

ಘಾಟಿ_ಸ್ಪ್ಯಾನರ್
ಕಾಗದದಲ್ಲಿ ಸರಿ. ಆರ್‌ಸಿಯಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಇದ್ದರೆ ವ್ಯತ್ಯಾಸ ನೋಡಿಕೊಳ್ಳಿ. ಎಲ್ಲ ತುಂಬಿ, ಟ್ಯಾಂಕ್ ಫುಲ್ ಮಾಡಿ, ಇಬ್ಬರೂ ಕೂತು ಊರ ಹೊರಗಿನ ಯಾವುದಾದರೂ ವೇ ಬ್ರಿಡ್ಜ್‌ಗೆ (ಲಾರಿ ತೂಗುವ ಕಟ್ಟೆಗೆ) ಹೋಗಿ. ಮೂರು ಸಲ ತೂಗಿಸಿ: ಇಡೀ ಗಾಡಿ, ಮುಂದಿನ ಚಕ್ರ ಮಾತ್ರ, ಹಿಂದಿನ ಚಕ್ರ ಮಾತ್ರ. ಹಿಂದಿನದು ಮುಂದಿನದಕ್ಕಿಂತ ತುಂಬ ಹೆಚ್ಚಿದ್ದರೆ ನೀರಿನ ಕ್ಯಾನ್ ಅನ್ನು 10 ಲೀಟರಿನ ಎರಡಾಗಿ ಮಾಡಿ ಮುಂದಿನ ಸೀಟಿನ ಹಿಂದಿನ ಹಳ್ಳದಲ್ಲಿ ಇಡಿ. ಬ್ಯಾಟರಿಯೂ ಹಿಂದಿನ ಆಕ್ಸಲ್‌ಗಿಂತ ಮುಂದೆ ಬರಲಿ. ಮರೀನಾ ಮುಂದಿನ ಚಕ್ರದಲ್ಲಿ ಎಳೆಯುವ ಗಾಡಿ, ಮೂತಿ ಹಗುರಾದರೆ ಒದ್ದೆ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ.

ತುಂಬಿದ ಗಾಡಿಗೆ ಗಾಳಿ ಎಷ್ಟು ಎಂದು ಬಾಗಿಲ ಪಕ್ಕದ ಚೀಟಿಯಲ್ಲೋ ಮ್ಯಾನ್ಯುಯಲ್‌ನಲ್ಲೋ ಬೇರೆಯಾಗಿ ಇರುತ್ತದೆ, ಅದನ್ನೇ ಹಾಕಿ, ಟಯರ್ ತಣ್ಣಗಿದ್ದಾಗ. ಆಮೇಲೆ ಸಂಜೆ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಹೆಡ್‌ಲೈಟ್ ಬೆಳಕಿನ ಅಂಚಿಗೆ ಚಾಕ್‌ನಲ್ಲಿ ಗೆರೆ ಎಳೆಯಿರಿ, ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು. ಎರಡನೇ ಗೆರೆ ಮೇಲೆ ಹೋಗಿದ್ದರೆ ಲೈಟ್ ಅಷ್ಟು ಇಳಿಸಿಕೊಂಡೇ ಘಾಟಿಗೆ ಹೊರಡಿ.